ಕೀಲಿ ಕೊಟ್ಟ ಮನೆತನ

ನಮ್ಮ ಕಡೆ ಕೀಲಿ ಅಂದರೆ ಬೀಗ. ಅದನ್ನು ತೆಗೆಯಲು ಬೇಕಾದದ್ದು ಕೀಲಿಕೈ. ಬಾಯಿಗೆ ಹಗುರಾಗಲಿ ಅಂತ ಬರೀ ಕೈ ಅನ್ನುತ್ತೇವೆ. ಹಡಗಲಿಯಲ್ಲಿ ಕೇಳಿ, ಕೊಟ್ಟೂರಿನಲ್ಲಿ ಕೇಳಿ, ಕೂಡ್ಲಿಗಿ ಸಂತೆಯಲ್ಲಿ ಯಾವ ಮುದುಕಿಯನ್ನಾದರೂ ನಿಲ್ಲಿಸಿ ಕೇಳಿ, ಇದನ್ನೇ ಹೇಳುತ್ತಾಳೆ. ಮೈಸೂರಿನ ಕಡೆಯವರು ಬೀಗದ ಕೈಗೇ ಕೀಲಿ ಅನ್ನುತ್ತಾರಂತೆ. ಅನ್ನಲಿ, ಒಂದೊಂದು ಸೀಮೆಗೆ ಒಂದೊಂದು ಮಾತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮೂರಿನ ಮಾತನ್ನು ನಮ್ಮೂರಿನ ಅಗಸಿಗೆ ಬೋರ್ಡು ಬರೆದು ಜಡಿಯುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬೇಕೋ ಬೇಡವೋ? ಕೇಳಲಿಲ್ಲ. ಅದರಿಂದ ಹಮೀದಾ ಬೀಗೆ ಆದದ್ದನ್ನು ಬರೆಯಲು ಕುಳಿತರೆ ಈಗಲೂ ನನ್ನ ಸಿಟ್ಟು ಇಳಿದಿಲ್ಲ.

ನಾನು ಬೆನಕಪ್ಪ, ನಾಲ್ಕಗಸಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತನಾದವನು. ನಾಲ್ಕಗಸಿ ಅಂದರೆ ನಾಲ್ಕು ಬಾಗಿಲಿನ ಕೋಟೆ ಊರು. ನಮ್ಮಲ್ಲಿ ಕೋಟೆಯ ಹೆಬ್ಬಾಗಿಲಿಗೆ ಅಗಸಿ ಅನ್ನುತ್ತೇವೆ. ಒಂದು ಅಗಸಿ ಹಡಗಲಿ ಕಡೆಗೆ, ಒಂದು ಹರಪನಹಳ್ಳಿ ಕಡೆಗೆ, ಒಂದು ಹಗರಿಬೊಮ್ಮನಹಳ್ಳಿ ಕಡೆಗೆ, ಇನ್ನೊಂದು ಕೊಟ್ಟೂರು ಕಡೆಗೆ. ನಾಲ್ಕು ದಾರಿ ಕೂಡುವ ಈ ದಿಬ್ಬ ಯಾರ ವಶದಲ್ಲಿತ್ತೋ, ಹತ್ತಿಯ ಬಂಡಿ, ಉಪ್ಪು ಹೊತ್ತ ಎತ್ತು, ದಂಡಿನ ಕುದುರೆ ಎಲ್ಲವೂ ಅವನನ್ನು ಕೇಳಿಯೇ ಮುಂದೆ ಹೋಗಬೇಕಿತ್ತು. ಹಾಗಾಗಿ ಇದು ಎಲ್ಲರಿಗೂ ಬೇಕಿತ್ತು, ಎಲ್ಲರೂ ಬಂದು ಬಡಿದರು. ನನ್ನ ಕಾಲಕ್ಕೆ ದಂಡೂ ಇಲ್ಲ, ಸುಂಕವೂ ಇಲ್ಲ. ಅದೇ ನಾಲ್ಕು ದಾರಿಯ ಬಸ್ಸಿನಲ್ಲಿ ಸೀಟಿಗಾಗಿ ಜಗಳ ಮಾತ್ರ. ಮೂರು ಅಗಸಿ ಬಿದ್ದುಹೋಗಿ ಅವುಗಳ ಕಲ್ಲೆಲ್ಲ ಊರವರ ಮನೆಯ ಬುನಾದಿ ಸೇರಿವೆ, ನಮ್ಮ ಮನೆಯದಕ್ಕೂ ಸೇರಿವೆ. ಉಳಿದದ್ದು ಕೊಟ್ಟೂರು ಅಗಸಿ ಒಂದೇ. ಅದರ ಪಕ್ಕದ ಗೋಡೆಯಲ್ಲಿ ಒಬ್ಬೊಬ್ಬರೇ ಬಗ್ಗಿ ಹೋಗುವಂಥ ಸಣ್ಣ ಬಾಗಿಲಿದೆ, ಅದು ದಿಡ್ಡಿ. ದಿಡ್ಡಿ ದಾಟಿದರೆ ಗುಡ್ಡಕ್ಕೆ ಹತ್ತುವ ಮೆಟ್ಟಿಲು.

ಅಗಸಿಯ ಒಳಗೆ, ಹಿಂದೆ ಕಾವಲಿನವರು ಕೂರುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ, ಹಮೀದಾ ಬೀ ಕೀಲಿ ರಿಪೇರಿ ಮಾಡುತ್ತಾಳೆ. ಅವಳ ತಂದೆ ಯೂನುಸಸಾಬನೂ ಅಲ್ಲೇ ಕೂತು ಅದೇ ಕೆಲಸ ಮಾಡಿದವನು. ಅವನಿಗೆ ಗಂಡುಮಕ್ಕಳಿರಲಿಲ್ಲ. ಹಮೀದಾ ಲಂಗ ಹಾಕುವ ವಯಸ್ಸಿನಿಂದಲೇ ಅವನ ಪಕ್ಕ ಕೂತು ಅರ ಹಿಡಿದು ಹಿತ್ತಾಳೆ ಉಜ್ಜಿದಳು. ಹೆಣ್ಣುಮಗಳು ನಡುಬೀದಿಯಲ್ಲಿ ಕೂತು ಕೀಲಿಕೈ ಮಾಡುವುದೇ ಅಂತ ಊರವರು ಮೂಗು ಮುರಿದಾಗ ಯೂನುಸಸಾಬ ಒಂದೇ ಮಾತು ಹೇಳುತ್ತಿದ್ದ: "ಇದು ಕೈ ಕೆಲಸ ಐತ್ರಿ, ಮೀಸಿ ಕೆಲಸ ಅಲ್ಲ."

ಅವಳ ಗಂಡ ರಾಜಾಸಾಬ್ ಹಿರೇಹಡಗಲಿಯವನು, ಪಂಪ್‌ಸೆಟ್ ಮೆಕ್ಯಾನಿಕ್, ಬಲು ತಮಾಷೆಯ ಮನುಷ್ಯ. ಮನೆಅಳಿಯನಾಗಿ ಬಂದವನು ಅಂತ ಯಾರಾದರೂ ಚುಡಾಯಿಸಿದರೆ, "ಹೌದ್ರಿ, ಈ ಮನ್ಯಾಗ ನಾ ಬರೇ ಕೀಲಿ, ಕೈ ಆಕಿ ಹತ್ರ ಐತಿ," ಅಂತ ತಾನೇ ಮೊದಲು ನಗುತ್ತಿದ್ದ. ಅವನು ತೀರಿಕೊಂಡು ವರ್ಷಗಳಾದವು. ಮಗಳು ಮುಸರತಳನ್ನು ಹರಪನಹಳ್ಳಿಗೆ ಕೊಟ್ಟಿದ್ದಾರೆ. ಮೊಮ್ಮಗಳು ಕಹಕಶಾ ಅಜ್ಜಿಯ ಹತ್ತಿರವೇ ಇದ್ದುಕೊಂಡು ಹಡಗಲಿ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಹಮೀದಾ ಬೀಯ ಬಾಯಿ ಮೆತ್ತಗಿನದಲ್ಲ. ಯಾವನೋ ಒಬ್ಬ ಟ್ರಂಕು ತಲೆ ಮೇಲೆ ಹೊತ್ತುಕೊಂಡು ಬಂದು, ಕೈ ಕಳೆದಿದೆ, ತೆಗೆದುಕೊಡು ಅಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. "ಪೆಟ್ಗಿ ಯಾರ್ದು?" ಅಂದಳು. "ನನ್ ಹೇಣ್ತಿದು." "ಹಂಗಾರ ಆಕೀನ ಕರ್ಕಂಡು ಬಾ. ಆಕಿ ಹೂಂ ಅಂದ್ರ ತೆಗಿತೀನಿ, ಇಲ್ಲಾಂದ್ರ ಹೊತ್ಗಂಡು ಹೋಗು." ಅವನು ಟ್ರಂಕು ಹೊತ್ತುಕೊಂಡೇ ವಾಪಸು ಹೋದ. ನಮ್ಮ ಓಣಿಯ ದುರುಗಣ್ಣ ಒಮ್ಮೆ ತನ್ನ ತಮ್ಮ ಊರಲ್ಲಿಲ್ಲದ ಹೊತ್ತು ನೋಡಿ, ಅವನ ಮನೆಯ ಕೀಲಿ ತೆಗೆ ಅಂತ ಕರೆಯಲು ಬಂದಿದ್ದ. ಅವನನ್ನು ಸುತ್ತಿಗೆ ಹಿಡಿದು ಅಗಸಿಯ ಆಚೆ ಬಿಟ್ಟು ಬಂದಳು.

ಇಂಥವಳ ಹತ್ತಿರ ಊರಿಗೆ ಊರೇ ತನ್ನ ಜೋಡಿ ಕೈ ಇಟ್ಟಿತ್ತು. ಒಂದು ಕೈ ಮನೆಯವರ ಸೊಂಟದಲ್ಲಿ, ಇನ್ನೊಂದು ಹಮೀದಾ ಬೀಯ ಗೋಡೆಯ ಮೊಳೆಯಲ್ಲಿ. ಯಾರೋ ಮದುವೆಗೆ ಹೋಗಿ ಕೈ ಕಳೆದುಕೊಂಡರೆ, ಮುದುಕಿಯೊಬ್ಬಳು ಕೈಯನ್ನು ಒಳಗೇ ಮರೆತು ಹೊರಗಿಂದ ಕೀಲಿ ಜಡಿದು ಹೊಲಕ್ಕೆ ಹೋದರೆ, ಓಡುವುದು ಅಗಸಿಗೆ. ದುರುಗಣ್ಣನೂ ಆ ಸುತ್ತಿಗೆಯ ಪ್ರಸಂಗವಾದ ಮೇಲೆಯೇ ತನ್ನ ಮನೆಯ ಕೈ ಅವಳ ಹತ್ತಿರ ತಂದಿಟ್ಟ. ನಾನು ಹೇಳುವುದು ಇಷ್ಟೇ, ಅವಳ ಕಸುಬು ಅರದಿಂದ ನಡೆಯುತ್ತಿರಲಿಲ್ಲ, ನಂಬಿಕೆಯಿಂದ ನಡೆಯುತ್ತಿತ್ತು. ಕೀಲಿ ರಿಪೇರಿಯವರನ್ನು ನಂಬದಿದ್ದರೆ ಅವರಿಗೂ ಕಳ್ಳರಿಗೂ ಏನು ವ್ಯತ್ಯಾಸ ಉಳಿಯಿತು?

ಆ ನಂಬಿಕೆಗೆ ಬೇರು ಹಳೆಯದು. ಅವಳ ವಂಶದ ಹಿರಿಯ ದಿಡ್ಡಿ ಹುಸೇನಸಾಬ ಪಾಳೇಗಾರನ ಕಾಲದಲ್ಲಿ ಬಾಗಿಲು ಕಾಯುತ್ತಿದ್ದನಂತೆ. ವೈರಿಗಳು ಹಡಗಲಿ ಅಗಸಿ ಮುರಿದು ಒಳಗೆ ನುಗ್ಗಿದ ದಿನ, ಊರಿನ ಹೆಂಗಸರು ಮಕ್ಕಳನ್ನೆಲ್ಲ ದಿಡ್ಡಿಯಿಂದ ಗುಡ್ಡಕ್ಕೆ ದಾಟಿಸಿ, ತಾನು ಒಳಗೇ ಉಳಿದು, ಕೀಲಿ ಜಡಿದು, ಕೈಯನ್ನು ಬಾವಿಗೆ ಎಸೆದ. ಮುಂದಿನದನ್ನು ಹಮೀದಾ ಬೀ ಹೇಳುವುದನ್ನು ಕೇಳಬೇಕು.

"ದಂಡಿನ ಸರದಾರ ಕುತ್ಗಿಗೆ ಕತ್ತಿ ಇಟ್ಟು, ಕೀಲಿ ಕೊಡಲೇ ಅಂದ. ನಮ್ಮ ಹಿರೇರು ಬಾಗಿಲದಾಗಿನ ಕೀಲಿ ತೋರ್ಸಿ, ಕೊಟ್ಟೀನಿ, ತಗಾ ಅಂದ್ರು. ಕೈ ಎಲ್ಲಿ ಅಂದ. ಅದು ಬಾವ್ಯಾಗ ಐತಿ, ಇಳಿದು ತಗಾ ಅಂದ್ರು. ಅಲ್ಲೇ ಕಡಿದ್ರು. ಆ ಕೀಲಿ ಒಡಿಯೂದ್ರಾಗ ಹೊತ್ತು ನೆತ್ತಿಗೆ ಬಂತು, ಹೆಣ್ಮಕ್ಳು ಗುಡ್ಡ ದಾಟಿ ಕೊಟ್ಟೂರು ದಾರಿ ಹಿಡಿದಿದ್ರು. ನಮ್ಮ ಹಿರೇರು ಕೀಲಿ ಕೊಟ್ರು, ಕೈ ಕೊಡ್ಲಿಲ್ಲ."

ಈ ಕೊನೆಯ ಮಾತು ನಮ್ಮೂರಿನ ಗಾದೆಯೇ ಆಗಿಹೋಗಿದೆ. ಇಬ್ಬರು ಗೆಳೆಯರಲ್ಲಿ ಒಬ್ಬ, "ಕಡೀಗೆ ಕೈ ಕೊಡ್ತೀಯೇನಲೇ?" ಅಂದರೆ, "ನಂದು ಕೀಲಿ ಕೊಟ್ಟ ಮನಿತನ ಅಂತ ತಿಳ್ಕ," ಅಂತ ಇನ್ನೊಬ್ಬ ಹೇಳುತ್ತಾನೆ. ಮದುವೆಯ ಮಾತುಕತೆಯಲ್ಲೂ ಹೇಳುತ್ತಾರೆ. ಜಾತಿ ಯಾವುದೇ ಇರಲಿ, ಮಾತಿಗೆ ನಿಲ್ಲುವವರ ಮನೆ ಅಂದರೆ ನಮ್ಮಲ್ಲಿ ಕೀಲಿ ಕೊಟ್ಟ ಮನೆ.

ಹೀಗಿರುವಾಗ ಕೋಟೆ ಉತ್ಸವ ಸಮಿತಿ ಅಂತ ಒಂದು ಹುಟ್ಟಿಕೊಂಡಿತು. ಅಧ್ಯಕ್ಷ ಪಂಚಾಕ್ಷರಪ್ಪ, ಶೇಂಗಾ ದಲ್ಲಾಳಿ ಅಂಗಡಿಯವನು. ಕೋಟೆಗೆ ಬೋರ್ಡು ಹಾಕಿಸಬೇಕು ಅಂತ ಅರುಣಕುಮಾರ್ ಎಂಬ ಹುಡುಗನನ್ನು ಮೈಸೂರಿನ ಕಡೆಯಿಂದ ಕರೆಸಿದ. ಹುಡುಗ ಕೆಟ್ಟವನಲ್ಲ, ಅವಸರದವನು. ಹಮೀದಾ ಬೀಯ ಕಟ್ಟೆಯ ಮೇಲೆ ಕೂತು, ಅವಳು ತರಿಸಿದ ಚಹಾ ಕುಡಿದು, ಮಿರ್ಚಿ ತಿಂದು, ಕತೆಯನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋದ. ಅವಳಿಗೋ ಹಿಗ್ಗು. ತನ್ನ ಹಿರಿಯನ ಹೆಸರು ಅಗಸಿ ಮೇಲೆ ಬರುತ್ತದೆ ಅಂತ ಓಣಿಗೆಲ್ಲ ಸಕ್ಕರೆ ಹಂಚಿದಳು.

ಬೋರ್ಡು ಬಂತು. ಅವಳ ಕಟ್ಟೆಯ ಎದುರಿಗೇ ಜಡಿದರು. ಹಮೀದಾ ಬೀಗೆ ಕನ್ನಡ ಓದಲು ಬರುವುದಿಲ್ಲ. ಕಾಲೇಜಿನಿಂದ ಬಂದ ಕಹಕಶಾ ಓದಿದಳು. ಓದುತ್ತ ಓದುತ್ತ ಹುಡುಗಿಯ ದನಿ ಇಳಿಯಿತು. ಅದರಲ್ಲಿ ಬರೆದದ್ದು ಇದು: "ಕಾವಲುಗಾರ ಹುಸೇನಸಾಬನು ಶತ್ರುಗಳಿಗೆ ಕೀಲಿಕೈ ಒಪ್ಪಿಸಿ ದ್ರೋಹವೆಸಗಿದ್ದರಿಂದ ಈ ಕೋಟೆ ಪತನವಾಯಿತು. ಅವನ ವಂಶಸ್ಥರು ಇಂದಿಗೂ ಇದೇ ಬಾಗಿಲಲ್ಲಿ ಬೀಗ ದುರಸ್ತಿ ಮಾಡುತ್ತಿದ್ದಾರೆ."

"ಇನ್ನೊಮ್ಮಿ ಓದು," ಅಂದಳು ಹಮೀದಾ ಬೀ. ಕಹಕಶಾ ಇನ್ನೊಮ್ಮೆ ಓದಲಿಲ್ಲ, ಅಜ್ಜಿಯ ಸೆರಗು ಹಿಡಿದುಕೊಂಡು ಅತ್ತುಬಿಟ್ಟಳು.

ನಾನೂ ಅವಳೂ ನೆಟ್ಟಗೆ ಪಂಚಾಕ್ಷರಪ್ಪನ ಅಂಗಡಿಗೆ ಹೋದೆವು. ಅವನು ಕೂರಲು ಹೇಳಿ, ಅರುಣಕುಮಾರನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ.

"ಕೀಲಿ ಅಂದ್ರೆ ಕೀನೇ ತಾನೆ ಸಾರ್? ಆಯಮ್ಮನೇ ಹೇಳಿದ್ದಾರೆ, ರೆಕಾರ್ಡಿಂಗ್ ಇದೆ, ಬೇಕಾದ್ರೆ ಕಳಿಸ್ತೀನಿ," ಅಂದ ಹುಡುಗ. ಕಳಿಸಿಯೂ ಬಿಟ್ಟ, ಕತೆಯಷ್ಟೂ ಅಲ್ಲ, ತನಗೆ ಬೇಕಾದ ಒಂದೇ ತುಂಡು. ಶೇಂಗಾ ಚೀಲಗಳ ನಡುವೆ ಹಮೀದಾ ಬೀಯ ದನಿಯೇ ಎದ್ದಿತು: "ಹೌದಪಾ, ನಮ್ಮ ಹಿರೇರೇ ವೈರಿಗೆ ಕೀಲಿ ಕೊಟ್ಟೋರು." ಗುಮಾಸ್ತರು ಕಿಸಕ್ಕನೆ ನಕ್ಕರು. ಅವಳ ಮಾತಿನಿಂದಲೇ ಅವಳ ಮನೆತನಕ್ಕೆ ಮಸಿ ಬಳಿದಂತಾಯಿತು.

ಹುಡುಗನನ್ನು ಬಿಡಿ, ಅವನು ಹೊರಗಿನವನು. ಪಂಚಾಕ್ಷರಪ್ಪ ಎಲ್ಲಿಯವನು? ಇದೇ ಊರಿನಲ್ಲಿ ಹುಟ್ಟಿದವನು. ಸಂಜೆ ಅವನ ಅಂಗಡಿಗೆ ಹಾಕುವುದು ಕೀಲಿ, ಬೆಳಿಗ್ಗೆ ತೆಗೆಯುವುದು ಕೀಲಿ. ಚಿಕ್ಕಂದಿನಲ್ಲಿ ನನ್ನ ಜೊತೆ ದಿಡ್ಡಿಯ ಮೆಟ್ಟಿಲ ಮೇಲೆ ಹುಸೇನಸಾಬನ ಆಟ ಆಡಿದವನು, ಬೇಕಾದರೆ ಕೇಳಿ. ಎಲ್ಲ ಗೊತ್ತಿದ್ದೂ ಅವನು ಅಂದದ್ದು ಇಷ್ಟು: "ಸ್ಟೀಲಿನ ಬೋರ್ಡು ಬೆನಕಪ್ಪ, ಒಮ್ಮಿ ಕೊರೆದ್ರ ಮುಗೀತು. ಉತ್ಸವ ಆಗ್ಲಿ, ಆಮ್ಯಾಲ ನೋಡಾಣ. ಅದೂ ಅಲ್ದ, ಕೋಟಿ ಕತಿ ಅಂದ್ಮ್ಯಾಲ ಒಬ್ಬ ದ್ರೋಹಿ ಇದ್ರ ಜನಕ್ಕ ರುಚಿ ಹತ್ತತೈತಿ."

"ಹಂಗಾರ ಆ ದ್ರೋಹೀನ ನಿಮ್ಮ ಮನ್ಯಾಗ ಯಾಕ ಹುಡುಕ್ಲಿಲ್ರಿ, ಸಾವ್ಕಾರ್ರ?" ಅಂದಳು ಹಮೀದಾ ಬೀ. ಅವನು ಗುಮಾಸ್ತನಿಗೆ ಫ್ಯಾನು ಜೋರು ಮಾಡಲು ಹೇಳಿದ.

ಬೋರ್ಡಿನ ಮಾತನ್ನು ನಮ್ಮೂರವರು ಯಾರು ನಂಬುತ್ತಾರೆ ಅಂತ ನಾನು ಧೈರ್ಯ ಹೇಳಿದೆ. ಹುಟ್ಟಿದಾಗಿನಿಂದ ಗಾದೆ ಆಡಿಕೊಂಡು ಬಂದವರು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂದೆ. ಎಂಥ ಮಳ್ಳ ನಾನು. ಮೊದಲು ಬಂದವನು ದುರುಗಣ್ಣ. "ಮಗಳು ಬಂದಾಳ ಹಮೀದಕ್ಕ, ಆ ಇನ್ನೊಂದು ಕೈ ಬೇಕಾಗಿತ್ತು," ಅಂದ. ಕೊಟ್ಟಳು. ಆಮೇಲೆ ಪಕ್ಕದ ಓಣಿಯ ಮುದುಕಿ ಗಾಳೆಮ್ಮ ಬಂದು ಮೊಮ್ಮಗ ಬಾಗಿಲು ಬದಲಾಯಿಸುತ್ತಿದ್ದಾನೆ ಅಂದಳು. ಇನ್ನೊಬ್ಬರು ಮನೆ ಬಾಡಿಗೆಗೆ ಕೊಡುತ್ತೇವೆ ಅಂದರು. ಒಬ್ಬೊಬ್ಬರದು ಒಂದೊಂದು ನೆಪ, ಯಾರ ಬಾಯಲ್ಲೂ ಬೋರ್ಡಿನ ಸುದ್ದಿ ಇಲ್ಲ. ಗೋಡೆಯ ಮೊಳೆಗಳು ಖಾಲಿಯಾಗುತ್ತ ಬಂದವು. ಕಾಲೇಜಿನ ಬಸ್ಸಿನಲ್ಲಿ ಹುಡುಗರು ಕಹಕಶಾಳನ್ನು ನೋಡಿ, ಸೀಟಿನ ಮೇಲೆ ಬ್ಯಾಗು ಇಟ್ಟು ಹೋಗಬೇಡಿ, ಕೈ ಕೊಡುತ್ತಾರೆ ಅಂತ ನಕ್ಕರಂತೆ. ಬರೆದವನಿಗೆ ತಿಳಿಯದಿದ್ದರೆ ಓದುವವರಿಗಾದರೂ ಮತಿ ಬೇಡವೇ? ತಾತ ಮುತ್ತಾತ ಬಾಯಿಂದ ಹೇಳಿದ್ದು ಸುಳ್ಳು, ಸ್ಟೀಲಿನ ಮೇಲೆ ಕೊರೆದದ್ದು ಖರೆ. ಇದು ನಮ್ಮ ಜನದ ಬುದ್ಧಿ.

ನನ್ನ ಹೆಂಡತಿ ನಾಗಲಿಂಗಮ್ಮ ಒಂದು ದಿನ ಅಡಿಗೆಮನೆಯ ಗೂಡಿನಲ್ಲಿ ಏನೋ ಇಡುತ್ತಿದ್ದಳು. ನೋಡಿದರೆ ನಮ್ಮ ಮನೆಯ ಜೋಡಿ ಕೈ, ಹಮೀದಾ ಬೀ ಕಟ್ಟಿದ್ದ ಕೆಂಪು ಚಿಂದಿಯ ಸಮೇತ.

"ಯಾರನ್ನ ಕೇಳಿ ಇಸಗಂಡು ಬಂದಿ?" ಅಂದೆ.

"ಎಲ್ಲಾರೂ ಇಸಗಂಡ್ರು, ನಮ್ದೊಂದೇ ಯಾಕ ಅಲ್ಲಿ ಅಂತ ತಂದೆ. ಆಕಿ ಮ್ಯಾಲ ನನಗೇನು ಸಂಶೆ ಇಲ್ರಿ."

"ಸಂಶೆ ಇಲ್ದ ಇಸಗಂಡು ಬಂದೀಯಲ್ಲ, ಅದು ಇನ್ನಾ ಹೊಲಸು."

ಆ ದಿನ ನಾನು ಮನೆಯಲ್ಲಿ ಉಣ್ಣಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ತಿಂದು ಬಂದೆ. ಕೈ ಮಾತ್ರ ಗೂಡಿನಲ್ಲೇ ಉಳಿಯಿತು.

ಇಷ್ಟು ಸಾಲದು ಅಂತ ಸಮಿತಿಯವರು ದಿಡ್ಡಿಗೂ ಕೈ ಹಾಕಿದರು. ದಿಡ್ಡಿಯ ಬಾಗಿಲಿಗೆ ಒಂದು ದೊಡ್ಡ ಕೀಲಿ ಇತ್ತು. ಯೂನುಸಸಾಬನ ಕಾಲದಿಂದಲೂ ಅದಕ್ಕೆ ಎಣ್ಣೆ ಬಿಟ್ಟು, ಗುಡ್ಡಕ್ಕೆ ಹೋಗುವವರಿಗೆ ತೆಗೆದುಕೊಟ್ಟು, ಮತ್ತೆ ಹಾಕುವುದು ಅವರ ಮನೆಯದೇ ಕೆಲಸ. ಯಾರೂ ನೇಮಿಸಿದ್ದಲ್ಲ, ಯಾರೂ ಪ್ರಶ್ನೆ ಮಾಡಿದ್ದೂ ಅಲ್ಲ. ಸಮಿತಿಯವರು ಆ ಕೀಲಿ ಬಿಚ್ಚಿ, ದಾವಣಗೆರೆಯಿಂದ ತಂದ ಹೊಸದನ್ನು ಹಾಕಿ, ಕೈ ಪಂಚಾಕ್ಷರಪ್ಪನ ಗಲ್ಲಾಪೆಟ್ಟಿಗೆಗೆ ಸೇರಿಸಿದರು. "ಇನ್ನ ನೀ ದಿಡ್ಡಿ ಮುಟ್ಟಬ್ಯಾಡಮ್ಮ," ಅಂತ ಅವಳಿಗೆ ಹೇಳಿಹೋದರು. ಅವಳು ಎಣ್ಣೆಯ ಡಬ್ಬಿಯನ್ನು ಕಟ್ಟೆಯ ಕೆಳಗೆ ಸರಿಸಿಟ್ಟಳು.

ಉತ್ಸವದ ದಿನ ದೊಡ್ಡ ಸಾಹೇಬರೊಬ್ಬರು ಬಂದರು. ದಿಡ್ಡಿ ತೆಗೆದು, ಗುಡ್ಡದ ಮೇಲೆ ಹೋಗಿ ಬಾವುಟ ಹಾರಿಸುವುದು ಅಂತ ಗೊತ್ತಾಗಿತ್ತು. ವಾದ್ಯ, ಶಾಮಿಯಾನ, ಮಲ್ಲಿಗೆ ಹಾರ ಎಲ್ಲ ಇತ್ತು. ಪಂಚಾಕ್ಷರಪ್ಪ ರುಮಾಲು ಸುತ್ತಿಕೊಂಡು ಮುಂದೆ ಬಂದು ಕೈ ಹಾಕಿದರೆ ಅದು ಒಳಗೆ ಹೋಗಲೇ ಇಲ್ಲ. ಉತ್ಸವಕ್ಕೆ ಅಂದಗಾಣಲಿ ಅಂತ ಬಾಗಿಲಿಗೆ ಬಣ್ಣ ಹೊಡೆಸಿದ್ದರಲ್ಲ, ಹೊಡೆದವರು ಬಾಗಿಲು, ಚಿಲಕ, ಕೀಲಿ ಎಲ್ಲಕ್ಕೂ ಸೇರಿಸಿ ದಪ್ಪಗೆ ಬಳಿದಿದ್ದರು. ಕೀಲಿಯ ತೂತೇ ಮುಚ್ಚಿತ್ತು. ಚುಚ್ಚಿದರು, ಕೆರೆದರು, ಕಡೆಗೆ ಕೈ ಅರ್ಧಕ್ಕೆ ಮುರಿದು ಒಳಗೇ ಉಳಿಯಿತು. ಸಾಹೇಬರು ವಾಚು ನೋಡಿಕೊಂಡರು.

"ಹಮೀದಕ್ಕನ್ನ ಕರೀರಿ," ಅಂತ ಯಾರೋ ಅಂದರು. ಅವಳು ಹತ್ತು ಮಾರು ದೂರದಲ್ಲಿ ತನ್ನ ಕಟ್ಟೆಯ ಮೇಲೇ ಕೂತಿದ್ದಳು. ಪಂಚಾಕ್ಷರಪ್ಪನೇ ಕರೆಯಲು ಹೋಗಬೇಕಾಯಿತು. ಅವಳು ಎದ್ದು ಬಂದಳು, ಜನ ದಾರಿ ಬಿಟ್ಟರು. ಕೀಲಿಯನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ ಬಿಟ್ಟಳು.

"ಆಗತೈತೇನಮ್ಮ?" ಅಂದ ಪಂಚಾಕ್ಷರಪ್ಪ.

"ಯಾಕಾಗಂಗಿಲ್ರಿ. ಒಂದೀಟು ಸೀಮಿಎಣ್ಣಿ ಬಿಟ್ರ ನಿಮಿಷದ ಕೆಲಸ."

"ಮತ್ತ ತೆಗಿ, ತಡ ಆತು."

"ತೆಗಿಯಾಂಗಿಲ್ರಿ," ಅಂದಳು. ದನಿ ಏರಿಸಲಿಲ್ಲ. "ಈ ಬಾಗಿಲ ತೆಗೀಲಿಲ್ಲ ಅಂತ ನಮ್ಮ ಹಿರೇರು ಇಲ್ಲೇ ಸತ್ರು. ತೆಗೆದ ಅಂತ ನೀವು ಬರೆದೀರಿ. ಇವತ್ತು ನಾ ತೆಗೆದ್ರ ನಿಮ್ಮ ಬೋರ್ಡು ಖರೇ ಆಕ್ಕತಿ."

ವಾದ್ಯದವರೂ ನಿಲ್ಲಿಸಿಬಿಟ್ಟರು. ಸಾಹೇಬರು ಏನು ವಿಷಯ ಅಂತ ಕೇಳಿದರೆ, ಏನಿಲ್ಲ ಸರ್, ಸ್ವಲ್ಪ ತಲೆ ಸರಿಯಿಲ್ಲ ಅಂದ ಪಂಚಾಕ್ಷರಪ್ಪ. ನನಗೆ ತಡೆಯಲಾಗಲಿಲ್ಲ. ಬಸ್ಸು ಕೂಗುವ ದನಿಯಲ್ಲಿ, "ತಲಿ ಸರಿ ಇಲ್ದಿದ್ದು ಬೋರ್ಡಿಂದು," ಅಂತ ಕೂಗಿದೆ. ಅಷ್ಟರಲ್ಲಿ ಹಾರೆ ತಂದರು. ಹೊಸ ಕೀಲಿ ಗಟ್ಟಿಯಾಗಿತ್ತು, ಹಳೆಯ ಬಾಗಿಲಿನ ತೇಗ ಅದಕ್ಕಿಂತ ಗಟ್ಟಿಯಾಗಿತ್ತು. ಹೊಡೆದರು, ಮೀಟಿದರು, ಬೆವರಿದರು, ಹಾರೆ ಹಿಡಿದವರು ಬದಲಾದರು. ಬಿಸಿಲು ಏರಿತು. ಹೆಂಗಸರ ಗುಂಪಿನಲ್ಲಿದ್ದ ಗಾಳೆಮ್ಮ ಯಾರಿಗೂ ಹೇಳದ ಹಾಗೆ, "ಆವತ್ತೂ ಹಿಂಗೇ ಹೊತ್ತು ಹಿಡಿದಿತ್ತಂತ," ಅಂದಳು. ಆ ಗುಂಪಿನವರೆಲ್ಲ ಹಮೀದಾ ಬೀಯ ಕಡೆ ತಿರುಗಿ ನೋಡಿದರು. ಕಡೆಗೆ ಬಾಗಿಲಿನ ಒಂದು ಹಲಗೆಯೇ ಸೀಳಿ ಬಂತು. ಸಾಹೇಬರು ಆ ಕಂಡಿಯಲ್ಲಿ ಬಗ್ಗಿ ಹೋಗಿ ಬಾವುಟ ಹಾರಿಸಿದರು.

ಬೋರ್ಡನ್ನೂ ತಿದ್ದಿದರು ಅನ್ನಿ. ಸಾಹೇಬರು ಯಾರನ್ನೋ ವಿಚಾರಿಸಿದರಂತೆ, ಅದಕ್ಕೆ. ತಿದ್ದಿದ್ದು ಹೇಗೆ ಗೊತ್ತೇ? 'ಕೀಲಿಕೈ' ಅನ್ನುವ ಮಾತಿನ ಮೇಲೆ 'ಬೀಗ' ಅಂತ ಒಂದು ಸ್ಟಿಕರ್ ಅಂಟಿಸಿದರು. ಈಗ ಅದು, "ಹುಸೇನಸಾಬನು ಶತ್ರುಗಳಿಗೆ ಬೀಗ ಒಪ್ಪಿಸಿ ದ್ರೋಹವೆಸಗಿದ್ದರಿಂದ" ಅಂತ ಓದಿಸಿಕೊಳ್ಳುತ್ತಿದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ಅದೂ ಇದಕ್ಕಿಂತ ಮೇಲು. ಪ್ರವಾಸಿಗರು ಬಂದು ಓದಿ, ಏನೂ ತಿಳಿಯದೆ, ಫೋಟೋ ಹೊಡೆದುಕೊಂಡು ಹೋಗುತ್ತಾರೆ.

ಆದರೆ ಊರಿನವರಿಗೆ ಆ ದಿನ ತಿಳಿದಿತ್ತು. ಮರುದಿನದಿಂದ ಒಬ್ಬೊಬ್ಬರೇ ಅಗಸಿಗೆ ಬಂದರು. ದುರುಗಣ್ಣ ಬಂದು ಕೈ ಚಾಚಿ, "ತಪ್ಪಾತು ಹಮೀದಕ್ಕ, ಇಟ್ಕ," ಅಂದ. ಅವಳು ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಮನ್ಯಾಗೇ ಇರ್ಲಿ ದುರುಗಣ್ಣ," ಅಂದಳು. ಗಾಳೆಮ್ಮನಿಗೂ ಹಾಗೇ ಅಂದಳು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ, ಚಹಾ ಕುಡೀರಿ ಅಂದಳು, ಕೆಟ್ಟ ಕೀಲಿ ಇದ್ದರೆ ರಿಪೇರಿ ಮಾಡಿಕೊಟ್ಟಳು. ಜೋಡಿ ಕೈ ಮಾತ್ರ ಒಬ್ಬರದೂ ತೆಗೆದುಕೊಳ್ಳಲಿಲ್ಲ.

ನನ್ನದು ಬೇರೆ ಅಂತ ನನಗೆ ಗಟ್ಟಿ ನಂಬಿಕೆ. ಅವಳ ಜೊತೆ ದಲ್ಲಾಳಿ ಅಂಗಡಿಗೆ ಹೋದವನು ನಾನು, ಸಾಹೇಬರ ಎದುರು ಕೂಗಿದವನು ನಾನು. ಗೂಡಿನಿಂದ ಕೆಂಪು ಚಿಂದಿಯ ಕೈ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ. "ನನಗ ಗೊತ್ತಿಲ್ದಂಗ ನಾಗಲಿಂಗಿ ತಂದಿದ್ಳು ತಂಗಿ. ಇದನ್ನ ಇಟ್ಕಳ್ಳಾಕೇ ಬೇಕು," ಅಂದೆ.

ಹಮೀದಾ ಬೀ ಅರ ಕೆಳಗಿಟ್ಟಳು. ಕೈಯನ್ನು ತೆಗೆದುಕೊಂಡು ನೋಡಿದಳು, ಚಿಂದಿಯ ಗಂಟು ಸಡಿಲವಾಗಿತ್ತು, ಅದನ್ನು ಬಿಗಿ ಮಾಡಿದಳು. ಮಾಡಿ, ನನ್ನ ಅಂಗೈಯಲ್ಲೇ ವಾಪಸು ಇಟ್ಟಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಬೆನಕಣ್ಣ. ಆದ್ರ ನಾಳಿ ಇನ್ನೊಂದು ಬೋರ್ಡು ಬಂತಂದ್ರ ನಾಗಲಿಂಗಕ್ಕ ಮತ್ತ ಕೇಳಾಕ ಬರ್ತಾಳ. ಒಮ್ಮಿ ಕೊಟ್ಟೀನಿ. ಇನ್ನೊಮ್ಮಿ ಎದ್ದು, ಮೊಳಿಯಾಗಿಂದ ಬಿಚ್ಚಿ ಕೊಡಾಕ ನನ್ನ ಕೈಲಿ ಆಗಾಂಗಿಲ್ಲ."

ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.